ಕೌದಿಯೊಳಗಿನ ಸವಾಲು

ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಕೌದಿ ಹೊದ್ದು ಕೂರುವವರು ಎರಡೇ ಬಗೆ: ಚಳಿಜ್ವರ ಬಂದವರು ಮತ್ತು ಪಾಡ್‌ಕಾಸ್ಟ್ ಮಾಡುವವರು. ನಾನು ಎರಡನೆಯ ಬಗೆಯವನು. ಮೊದಲನೆಯವರಿಗೆ ಮಾತ್ರೆಯಾದರೂ ಇದೆ.

ಧ್ವನಿಮುದ್ರಣಕ್ಕೆ ಮೆತ್ತನೆಯ ಗೋಡೆಗಳ ಸದ್ದಿಲ್ಲದ ಕೋಣೆ ಬೇಕಂತೆ. ಶಹಾಪುರಕ್ಕೂ ಸುರಪುರಕ್ಕೂ ನಡುವೆ ಇರುವ ನಮ್ಮ ಹಳ್ಳಿಯಲ್ಲಿ ಗೋಡೆಗಳೆಲ್ಲ ಕಲ್ಲಿನವು. ಆದ್ದರಿಂದ ನನ್ನ ಅತ್ತೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಕೌದಿಯನ್ನು ಎರಡು ಕುರ್ಚಿಗಳ ಮೇಲೆ ಹರವಿ, ಅದರೊಳಗೆ ಹಾಡುವವರನ್ನೂ ಒಂದು ಮೊಬೈಲನ್ನೂ ಕೂರಿಸುತ್ತೇವೆ. ಹೊರಗಿನ ಗದ್ದಲ ಅರ್ಧ ಕಡಿಮೆಯಾಗುತ್ತದೆ; ಒಳಗಿನವರ ಆಯುಷ್ಯವೂ ಅಷ್ಟೇ ಕಡಿಮೆಯಾಗುತ್ತದೆಂದು ನನ್ನ ಅನುಮಾನ. ಈ ಉಪಾಯ ಶಶಿಕಲಾ ಟೀಚರದು. ಅವರ ಮನೆಯ ಗೋಡೆಯ ಮೇಲೆ ಬುದ್ಧ, ಮೊಹರಂ ಬಂದರೆ ಕೈಯಲ್ಲಿ ಎಲ್ಲರಂತೆ ಸಕ್ಕರೆಯ ತಟ್ಟೆ. ಊರಿನ ಮೊಹರಂ ಹಾಡುಗಳು ಹಾಡುವವರ ಜೊತೆಗೇ ಹೋಗುತ್ತಿವೆಯೆಂದು ಅವರೇ ಈ ಪಾಡ್‌ಕಾಸ್ಟ್ ಶುರುಮಾಡಿದರು. ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತನಾದ ನಾನು ರಜೆಯ ದಿನ ಅವರಿಗೆ ಕೌದಿ ಹಿಡಿಯುವವನು.

ಹಾಡುಗಳ ನಡುವೆ ಜೋಡಿಸಲು ಒಂದಿಷ್ಟು ಖಾಲಿ ಸದ್ದು ಬೇಕು, ಅಂದರೆ ಯಾರೂ ಮಾತಾಡದ ಒಂದೆರಡು ನಿಮಿಷ ಬೇಕು ಎಂದು ಟೀಚರು ಒಮ್ಮೆ ಹೇಳಿದರು. ಇದೇನು ಮಹಾ ಎಂದು ನಾನು ಅಂಗಳದಲ್ಲಿ ಮೊಬೈಲು ಹಿಡಿದು ಕೂತೆ. ಮೊದಲು ಹೇಂಟೆ ಮೊಟ್ಟೆ ಇಟ್ಟ ಸುದ್ದಿ ಸಾರಿತು. ಆಮೇಲೆ ಉಳ್ಳಾಗಡ್ಡಿ ಮಾರುವ ಟೆಂಪೋ ಬಂತು. ಅದು ಹೋಯಿತೆನ್ನುವಾಗ ಪಕ್ಕದ ಮನೆಯಾತ ಗೋಡೆಯ ಮೇಲಿಂದ ಇಣುಕಿ, "ಯಾಕ್ರೀ ಸರ, ಸುಮ್ನ ಕುಂತೀರಿ, ಆರಾಮಿಲ್ಲೇನು?" ಎಂದ. ರೆಕಾರ್ಡ್ ಮಾಡುತ್ತಿದ್ದೇನೆಂದು ಸನ್ನೆ ಮಾಡಿದೆ. ಒಳ್ಳೆಯ ಮನುಷ್ಯ, ಅರ್ಥಮಾಡಿಕೊಂಡ. ತಕ್ಷಣ ಓಣಿಯ ಕಡೆ ತಿರುಗಿ, "ಏ, ಯಾರೂ ಮಾತಾಡಬ್ಯಾಡ್ರಿ! ಸರ ರೆಕಾರ್ಡ್ ಮಾಡಾಕತ್ತಾರ!" ಎಂದು ಕೂಗಿದ. "ಏನು ಮಾಡಾಕತ್ತಾರ?" ಎಂದು ಓಣಿಯ ಆ ತುದಿಯಿಂದ ಉತ್ತರ ಬಂತು. ಖಾಲಿ ಸದ್ದಿನ ಆಸೆ ನಾವು ಅವತ್ತಿಗೇ ಬಿಟ್ಟೆವು.

ನಮ್ಮ ಮಾತಿನ ಏರು ಪರವೂರಿನವರಿಗೆ ಗಾಬರಿ ಹುಟ್ಟಿಸುತ್ತದೆ. ಮೈಸೂರಿನ ಗೆಳೆಯನೊಬ್ಬ ನಮ್ಮ ಮೊದಲ ಸಂಚಿಕೆ ಕೇಳಿ ಫೋನು ಮಾಡಿದ್ದ. "ಹಾಡು ಚೆನ್ನಾಗಿದೆ ಕಣೋ, ಆದರೆ ಕೊನೆಯಲ್ಲಿ ಅಷ್ಟು ಜಗಳ ಯಾಕೆ?" ಎಂದು ಕೇಳಿದ. ನಾನು ಮತ್ತೆ ಕೇಳಿ ನೋಡಿದೆ. ಅದು ಜಗಳವಲ್ಲ. ಚಹಾ ಕುಡಿದು ಹೋಗಿರೆಂದು ಆ ಮನೆಯವರು ನಮಗೆ ಉಪಚಾರ ಮಾಡುತ್ತಿದ್ದದ್ದು.

ಇಂಥ ಊರಿನಲ್ಲಿ ಮೊಹರಂ ಎಂದರೆ ಕೇಳಬೇಕೆ? ಚಂದ್ರನ ಲೆಕ್ಕದ ಹಬ್ಬ. ವರ್ಷವರ್ಷವೂ ಹಿಂದೆ ಸರಿಯುತ್ತ ಈಗ ಮುಂಗಾರಿನ ಹೊಸ್ತಿಲಿಗೆ ಬಂದು ನಿಂತಿದೆ. ನಮ್ಮಲ್ಲಿ ದೇವರು, ಅಂದರೆ ಬೆಳ್ಳಿಯ ಪಂಜಾ, ಹಿಡಿಯುವವರು ಕುರುಬರು, ಹಲಗೆ ಬಾರಿಸುವವರು ಇನ್ನೊಂದು ಓಣಿಯವರು, ಸಕ್ಕರೆಯ ಮೇಲೆ ಫಾತಿಹಾ ಓದಿ ಕೊಡುವವರು ಮುಲ್ಲಾ ಮನೆಯವರು. ಹರಕೆಯ ಮೇಲೆ ಹುಟ್ಟಿದ ಮಕ್ಕಳಿಗೆ ಹುಸೇನಪ್ಪ, ಫಕೀರಪ್ಪ, ಲಾಲಪ್ಪ ಎಂದು ಹೆಸರು. ಜನಗಣತಿಗೆ ಬಂದವರು ಈ ಹೆಸರುಗಳ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸುವುದನ್ನು ನಾನು ನೋಡಿದ್ದೇನೆ.

ಹಬ್ಬದ ಕೊನೆಯ ದಿನ, ದೇವರು ಹೊಳೆಗೆ ಹೊರಡುವ ಮೊದಲು, ಮಸೂತಿಯ ಮುಂದೆ ಮೇಲೋಣಿಗೂ ಕೆಳಗೋಣಿಗೂ ಹಾಡಿನಲ್ಲಿ ಸವಾಲ್–ಜವಾಬ್ ನಡೆಯುತ್ತದೆ. ಒಂದು ಓಣಿ ಹಾಡಿ ಕೇಳಬೇಕು, ಇನ್ನೊಂದು ಹಾಡಿಯೇ ಉತ್ತರಿಸಬೇಕು. ಹಿಂದೆ ರಾಜಸಭೆಗಳಲ್ಲಿ ಪಂಡಿತರು ವಾದಕ್ಕೆ ಕೂತು, ಸೋತವನು ಗೆದ್ದವನ ಶಿಷ್ಯನಾಗುತ್ತಿದ್ದನಂತೆ. ನಮ್ಮ ಹಿರಿಯರು ಅವರಿಗಿಂತ ಹದವರಿತವರು. ಇಲ್ಲಿ ಸೋತ ಓಣಿ ಗೆದ್ದ ಓಣಿಗೆ ಬೆಲ್ಲದ ಶರಬತ್ತು ಕುಡಿಸಬೇಕು, ಅಷ್ಟೆ. ಇನ್ನೊಂದು ನಿಯಮ ಮಾತ್ರ ಕಟ್ಟುನಿಟ್ಟು: ಒಮ್ಮೆ ಜವಾಬು ಸಿಕ್ಕ ಸವಾಲನ್ನು ಮತ್ತೆಂದೂ ಹಾಡುವಂತಿಲ್ಲ. ಅದು ಅಲ್ಲಿಗೆ ಮುಗಿಯಿತು.

ಮೇಲೋಣಿಯ ಹಾಡುಗಾರ ಹುಸೇನಪ್ಪ, ಕುರಿ ಕಾಯುವ ಮುದುಕ. ಅವನ ಹತ್ತಿರ ಇರುವುದು ಒಂದೇ ಸವಾಲು, ಅವನ ಅಪ್ಪ ಕಟ್ಟಿದ್ದು. ಮೊಹರಂ ಕಥೆಯ ರಣದಿಂದ ಒಂದು ಪಾರಿವಾಳ ಸುದ್ದಿ ತರಲು ಹೊರಟಿತು. ದಾರಿಯಲ್ಲಿ ಬಾವಿಗಳಿದ್ದವು, ಬಾವಿಗಳಲ್ಲಿ ನೀರಿತ್ತು, ಹಕ್ಕಿಗೆ ದಾಹವೂ ಇತ್ತು. ಆದರೂ ಅದು ಯಾಕೆ ಕುಡಿಯಲಿಲ್ಲ? ಇಷ್ಟೇ ಪ್ರಶ್ನೆ. ಕೆಳಗೋಣಿಯ ಮುಂದಾಳು ಫಕೀರಪ್ಪ, ಹುಸೇನಪ್ಪನ ತಂಗಿ ನಾಗಮ್ಮನ ಗಂಡ. ಆತ ಪ್ರತಿ ವರ್ಷ ಮೀಸೆ ತಿರುವುತ್ತ ಬರುತ್ತಾನೆ. ಹಕ್ಕಿಗೆ ದುಃಖವಾಗಿತ್ತು ಎನ್ನುತ್ತಾನೆ, ನೀರಿಲ್ಲದೆ ಸತ್ತವರ ನೆನಪಾಗಿತ್ತು ಎನ್ನುತ್ತಾನೆ. "ಅದಲ್ಲ!" ಎಂದು ಮೇಲೋಣಿ ಕೂಗುತ್ತದೆ. ಫಕೀರಪ್ಪ ತಲೆ ತಗ್ಗಿಸಿ ಬೆಲ್ಲ ಕರಗಿಸಲು ಹೋಗುತ್ತಾನೆ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಕುಡಿಯುತ್ತ ಬಂದಿರುವುದು ಅದೇ ಶರಬತ್ತು.

ಹೋದ ವರ್ಷ ಹಾಡಿನ ನಡುವೆ ಹುಸೇನಪ್ಪನಿಗೆ ಕೆಮ್ಮು ಬಂದು ಬಹಳ ಹೊತ್ತು ನಿಲ್ಲಲಿಲ್ಲ. ಜವಾಬು ಅವನೊಬ್ಬನ ಹೊಟ್ಟೆಯಲ್ಲಿ ಮಾತ್ರ ಇತ್ತು. ಶಶಿಕಲಾ ಟೀಚರು ಬೆನ್ನು ಬಿದ್ದರು. "ಕಾಕಾ, ನಾಳಿ ಸವಾಲ್ ಉಳೀತದ, ಜವಾಬ್ ಉಳಿಯಂಗಿಲ್ಲ. ಕೀಲಿ ಇಲ್ಲದ ಪೆಟಗಿ ಯಾರಿಗೆ ಬೇಕು?" ಎಂದರು. ಮುದುಕ ಕೊನೆಗೆ ಕೌದಿಯೊಳಗೆ ಬಂದ. ಬೆವರು ಒರೆಸಿಕೊಳ್ಳುತ್ತ, ಸವಾಲನ್ನು ದೊಡ್ಡ ಸ್ವರದಲ್ಲೂ ಜವಾಬನ್ನು ಪಿಸುಮಾತಿಗಿಂತ ತುಸು ಮೇಲಿನ ಸ್ವರದಲ್ಲೂ ಹಾಡಿದ. ಕೇಳಿ ನನಗೆ ಮೈ ಜುಮ್ಮೆಂದಿತು. ಇಷ್ಟು ಹತ್ತಿರದ ಮಾತು ಇಷ್ಟು ವರ್ಷ ನಮಗ್ಯಾರಿಗೂ ಹೊಳೆದಿರಲಿಲ್ಲವಲ್ಲ! "ನಾ ಇರೂತನಕ ಇದು ಹೊರಗ ಬರಬಾರ್ದು. ನಾ ಮಣ್ಣಾದ ಮ್ಯಾಲ ಬೇಕಾದ್ರ ಊರಿಗೆಲ್ಲ ಕೇಳಸ್ರಿ" ಎಂದು ಹುಸೇನಪ್ಪ ಆಣೆ ಹಾಕಿಸಿಕೊಂಡ.

ಸವಾಲಿನ ಸಂಚಿಕೆಯನ್ನು ಮಾತ್ರ ಬಿಟ್ಟೆವು. ದುಡಿಯಲು ಮುಂಬಯಿಗೆ, ಪುಣೆಗೆ ಹೋದ ನಮ್ಮವರು ಅಲ್ಲಿಂದಲೇ ಉತ್ತರ ಕಳಿಸತೊಡಗಿದರು. ಹಕ್ಕಿಗೆ ರೋಜಾದ ಉಪವಾಸವಿತ್ತು ಎಂದ ಒಬ್ಬ. ಬಾವಿಯ ನೀರು ಸವಳಿತ್ತು ಎಂದ, ನಮ್ಮ ಜಿಲ್ಲೆಯಲ್ಲೇ ಸೈದಾಪುರದ ಕಡೆ ಕಾರ್ಖಾನೆಯಲ್ಲಿರುವ ಕೆಲಸಗಾರನೊಬ್ಬ. ಅಲ್ಲಿ ಅವನು ಕುಡಿಯುವುದು ಅಂಥದೇ ನೀರು; ಅವನ ಅನುಭವ ಅವನಿಗೆ. ನಾವು ಆಣೆಗೆ ತಪ್ಪಲಿಲ್ಲ. ಜವಾಬು ಟೀಚರ ಮೊಬೈಲಿನಲ್ಲಿ ಭದ್ರವಾಗಿತ್ತು.

ಆದರೆ ಮನುಷ್ಯನಿಗೆ ತನ್ನ ಸ್ವರವನ್ನು ಕೇಳುವ ಚಪಲ ಹುಟ್ಟಿದರೆ ಅದಕ್ಕೆ ಮದ್ದಿಲ್ಲ. ಮೊದಲ ಸಲ ಕೇಳಿದಾಗ "ಇದು ನನ್ನ ಆವಾಜ್ ಅಲ್ಲ, ಯಾರೋ ಆಡು ಕುಯ್ಯಾಕತ್ತಾರ" ಎಂದಿದ್ದ ಹುಸೇನಪ್ಪ, ವಾರ ಕಳೆಯುವುದರೊಳಗೆ ಟೀಚರ ಮನೆಗೆ ಬಂದು, ತಾನು ಹಾಡಿದ್ದನ್ನೆಲ್ಲ ತನಗೆ ಚಿಪ್ಪಿನಲ್ಲಿ, ಅಂದರೆ ಮೆಮೊರಿ ಕಾರ್ಡಿನಲ್ಲಿ, ಹಾಕಿಕೊಡಿ ಎಂದ. ಅವನ ಹಾಡು, ಅವನ ಸ್ವರ, ಇಲ್ಲವೆನ್ನುವುದು ಹೇಗೆ? ಟೀಚರು ಎಲ್ಲವನ್ನೂ ಹಾಕಿಕೊಟ್ಟರು. ಮುದುಕ ಕೊರಳಿಗೆ ಒಂದು ಪುಟ್ಟ ಸ್ಪೀಕರು ತೂಗುಬಿಟ್ಟುಕೊಂಡು ಕುರಿಗಳ ಹಿಂದೆ ಹೊರಟ. ಅಡವಿಯಲ್ಲಿ ಯಾರಿದ್ದಾರೆ ಎಂಬ ಧೈರ್ಯ. ಸ್ಪೀಕರಿನಲ್ಲಿ ಪಿಸುಮಾತೂ ದೊಡ್ಡದಾಗುತ್ತದೆಂಬುದು ಅವನಿಗೆ ತಿಳಿದಿರಲಿಲ್ಲ. ಬದುವಿನ ಆಚೆ ಹತ್ತಿಯ ಕಟ್ಟಿಗೆ ಆರಿಸುತ್ತಿದ್ದ ಕೆಳಗೋಣಿಯ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು, ಪಾರಿವಾಳ ಯಾಕೆ ನೀರು ಕುಡಿಯಲಿಲ್ಲ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು.

ಅವರು ನಿಂತು ಕೇಳಿದ್ದನ್ನು ಕಂಡಿದ್ದ ಹುಸೇನಪ್ಪ ಅವತ್ತು ಸಂಜೆ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಚಹಾ ಮುಟ್ಟಲಿಲ್ಲ.

"ನನ್ನ ಬಾಯಿಲಿಂದ ನಾನಽ ಹೇಳಿಬಿಟ್ಟೆನಲ್ರೀ ಸರ. ಇನ್ನ ಫಕೀರಪ್ಪ ಬಿಡ್ತಾನೇನು? ಅಪ್ಪನ ಸವಾಲ್ ನನ್ನ ಕಾಲಕ್ಕ ಮುಗೀತು. ಇನ್ನ ಏನು ಹಾಡ್ಲಿ ನಾನು?"

ಉಳಿಸುತ್ತೇವೆಂದು ಹೊರಟು ಇದ್ದದ್ದನ್ನೂ ಕಳೆದಿದ್ದೆವು. ಮೊಬೈಲು, ಕೌದಿ, ಚಿಪ್ಪು ಯಾವುದೂ ಇಲ್ಲದಿದ್ದರೆ ಮುದುಕ ಇನ್ನಷ್ಟು ವರ್ಷ ನೆಮ್ಮದಿಯಿಂದ ಗೆಲ್ಲುತ್ತಿದ್ದ. ಹಬ್ಬದ ದಿನ ಹತ್ತಿರ ಬಂದಂತೆ ಅವನು ಹಾಡುವುದಿಲ್ಲವೆಂದು ಹಟ ಹಿಡಿದ. ಟೀಚರು ಹೋಗಿ, ಸೋಲುವುದಾದರೆ ನಿಂತು ಸೋಲಿರಿ ಕಾಕಾ ಎಂದು ಬೈದು ಎಬ್ಬಿಸಿದರು.

ಕೊನೆಯ ದಿನ ಮಸೂತಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಹಲಗೆ, ತಾಸೆಗಳ ಬಡಿತ, ಊದಿನಕಡ್ಡಿಯ ಹೊಗೆ, ಬಾಯಿತುಂಬ ಸಿಹಿ ಚೋಂಗೆ ರೊಟ್ಟಿ ಇಟ್ಟುಕೊಂಡ ಮಕ್ಕಳು. ಟೀಚರು ಮೊಬೈಲು ಎತ್ತಿ ಹಿಡಿದಿದ್ದರು. ಹುಸೇನಪ್ಪ ಕಿವಿಯ ಮೇಲೆ ಕೈಯಿಟ್ಟು ಶುರುಮಾಡಿದ. ಹಕ್ಕಿ ಹೊರಟಿತು, ಬಾವಿಗಳು ಬಂದವು, ದಾಹವಾಯಿತು. ಯಾಕೆ ಕುಡಿಯಲಿಲ್ಲ ಹೇಳು ಭಾವಾ ಎಂದು ಹಾಡಿ ಕಣ್ಣು ಮುಚ್ಚಿ ನಿಂತ.

ಹಲಗೆ ನಿಂತಿತು. ಈಗ ಫಕೀರಪ್ಪ ಬಾಯಿ ತೆರೆಯಬೇಕು. ಆತ ಮೀಸೆ ತಿರುವಿದ, ಆಕಾಶ ನೋಡಿದ, ನೆಲ ನೋಡಿದ. ಅವನ ಹಿಂದೆ ಇಡೀ ಕೆಳಗೋಣಿ ನಿಂತಿತ್ತು. ಹತ್ತಿಯ ಹೊಲದ ಹೆಂಗಸರು, ಅವರಿಂದ ಕೇಳಿದ ಗಂಡಸರು, ಗಂಡಸರಿಂದ ಕೇಳಿದ ಮೇಲೋಣಿಯವರೂ ಇದ್ದರು. ಜವಾಬು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಯಾರೂ ತುಟಿ ಬಿಚ್ಚಲಿಲ್ಲ. ಖಾಲಿ ಸದ್ದಿಗೆಂದು ನಾನು ಅಂಗಳದಲ್ಲಿ ಕೂತಾಗ ಸಿಗದ ನಿಶ್ಶಬ್ದ ಅವತ್ತು ಸಾವಿರ ಬಾಯಿಗಳ ನಡುವೆ ಬಂದು ನಿಂತಿತು. ದೂರದಲ್ಲಿ ಒಂದು ಆಡು ಒದರಿತು, ಅಷ್ಟೆ.

ಫಕೀರಪ್ಪ ಕೈಚೆಲ್ಲಿದ. "ಈ ಸಲಾನೂ ತಿಳೀಲಿಲ್ಲಪಾ" ಎಂದು ಬೆಲ್ಲ ಕರಗಿಸಲು ಹೊರಟ.

ಶರಬತ್ತಿನ ಹಂಡೆಯ ಹತ್ತಿರ ನಾನು ಅವನನ್ನು ಹಿಡಿದೆ. ಹೊಲದ ಸುದ್ದಿ ನಿಮ್ಮ ಕಿವಿಗೆ ಬಿದ್ದಿತ್ತಲ್ಲ, ಯಾಕೆ ಹಾಡಲಿಲ್ಲ ಎಂದು ಕೇಳಿದೆ. ಫಕೀರಪ್ಪ ನಕ್ಕು ಹೆಂಡತಿಯ ಕಡೆ ನೋಡಿದ. ನಾಗಮ್ಮ ಲೋಟ ತುಂಬುತ್ತಲೇ ಹೇಳಿದಳು:

"ಈ ವರ್ಷದ್ದೇನ್ರೀ ಸರ! ನಾ ಮದಿವಿ ಆಗಿ ಬಂದ ಹೊಸದಾಗ ಬೀಸಾಕ ಕುಂತ್ರ ಅಪ್ಪನ ಹಾಡು ಬಾಯಿಗಿ ಬರ್ತಿತ್ತು. ಸವಾಲೂ ಬಂತು, ಜವಾಬೂ ಬಂತು. ಇವ್ರು ಹೊರಸಿನ ಮ್ಯಾಲ ಮಲ್ಕೊಂಡು ಎಲ್ಲಾ ಕೇಳಿದ್ರು."

"ಮತ್ತ ಇಷ್ಟು ವರ್ಷ?" ಎಂದೆ.

"ಹೇಳಿದ್ರ ಅವ ಮುಂದಿನ ವರ್ಷ ಏನ್ ಹಾಡ್ತಾನ್ರೀ?" ಎಂದ ಫಕೀರಪ್ಪ. "ಹಾಡಿಲ್ಲಂದ್ರ ಈ ಕಡಿ ಬರೂದಽ ಬಿಡ್ತಾನ. ಬೆಲ್ಲ ಏನು ಮಹಾ? ಶರಬತ್ ನಾವೂ ಕುಡೀತೀವಲ್ಲ. ನೀವು ಅವಗ ಹೇಳಬ್ಯಾಡ್ರಿ ಮತ್ತ."

ನಾನು ಹೇಳಿಲ್ಲ. ಇಲ್ಲಿ ಬರೆಯಲು ಧೈರ್ಯವೇಕೆಂದರೆ, ಹುಸೇನಪ್ಪ ಕುರಿಗಳನ್ನು ಬಿಟ್ಟು ಬೇರೇನನ್ನೂ ಓದುವವನಲ್ಲ. ಹಕ್ಕಿ ಯಾಕೆ ನೀರು ಕುಡಿಯಲಿಲ್ಲ ಎಂಬುದನ್ನು ನಿಮಗೂ ಹೇಳಲಾರೆ. ನಾನೂ ಆ ಊರಿನವನೇ.

ಹಬ್ಬದ ಸಂಚಿಕೆ ಹೊರಬಿತ್ತು. ಸಾಮಾನ್ಯವಾಗಿ ಶಶಿಕಲಾ ಟೀಚರು ಒಂದು ಉಸಿರಿನಷ್ಟು ಖಾಲಿ ಜಾಗ ಕಂಡರೂ ಕತ್ತರಿಸುತ್ತಾರೆ. ಈ ಸಲ ಆ ನಿಶ್ಶಬ್ದವನ್ನು ಮುಟ್ಟಲಿಲ್ಲ. ಹುಸೇನಪ್ಪನ ಚಿಪ್ಪಿಗೂ ಹಾಗೆಯೇ ಹಾಕಿಕೊಟ್ಟರು. ಸೈದಾಪುರದ ಆ ಕಾರ್ಖಾನೆಯವನು, ನಡುವೆ ಆಡಿಯೋ ಬಂದ್ ಆಗಿದೆ, ಸರಿಮಾಡಿ ಎಂದು ಬರೆದ. "ಬಂದ್ ಆಗಿಲ್ಲ ಅಣ್ಣಾ. ಅಲ್ಲಿ ಊರ ಮಂದಿಯೆಲ್ಲಾ ಅದಾರ" ಎಂದು ಟೀಚರು ಉತ್ತರ ಕೊಟ್ಟರು.

ಮೊನ್ನೆ ಸುರಪುರದಿಂದ ಬರುವಾಗ ರಸ್ತೆಯ ಬದಿಯಲ್ಲಿ ಹುಸೇನಪ್ಪ ಸಿಕ್ಕ. ಮಳೆ ಬಿದ್ದು ಹುಲ್ಲು ಚಿಗುರಿತ್ತು, ಕುರಿಗಳು ಮೇಯುತ್ತಿದ್ದವು. ಕೊರಳ ಸ್ಪೀಕರಿನ ದೀಪ ಮಿನುಗುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಕೆಟ್ಟಿರಬೇಕೆಂದು ನಾನು ಗಾಡಿ ನಿಲ್ಲಿಸಿ, ಶಹಾಪುರದಲ್ಲಿ ರಿಪೇರಿ ಮಾಡಿಸಿಕೊಡಲೇ ಎಂದು ಕೇಳಿದೆ. ಮುದುಕ ತುಟಿಯ ಮೇಲೆ ಬೆರಳಿಟ್ಟ. ಸ್ಪೀಕರಿನೊಳಗೆ ಎಲ್ಲೋ ದೂರದಲ್ಲಿ ಒಂದು ಆಡು ಒದರಿತು.

"ಸ್ವಲ್ಪ ತಡೀರಿ ಸರ," ಎಂದ. "ಅವರು ಸುಮ್ಮನಿರೂದು ಕೇಳಾಕತ್ತೇನಿ."