ಬಸುರಿ ಇದ್ದ ಮನೆಯ ಬಚ್ಚಲ ಪೈಪು

೧೯೯೮ರಲ್ಲಿ ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟು ಪ್ಲಂಬಿಂಗ್ ಕೆಲಸ ಹಿಡಿದೆ. ಎಷ್ಟೋ ವರ್ಷ ನೆಲ ಅಗೆದೆ. ಈಗ ನಂಜನಗೂಡಿನ ಕಡೆ ಅಗೆಯದೆ ಪೈಪು ರಿಪೇರಿ ಮಾಡುವವನು ಅಂದರೆ ನಾನೇ. ಹೇಳಿಕೊಳ್ಳಲು ಸಂಕೋಚವಿಲ್ಲ, ದುಡಿದು ಕಲಿತದ್ದು.

ಅಗೆಯದೆ ಮಾಡುವ ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಮೂಗೂರಿನ ಒಂದು ಮನೆಯಿಂದ ಫೋನ್ ಬಂತು. ಬಚ್ಚಲ ನೀರು ಹೋಗುವ ಹಳೇ ಮಣ್ಣಿನ ಪೈಪು ಅಡಿಗೆಮನೆ ಕೆಳಗೆ ಬಿರುಕು ಬಿಟ್ಟು ಗೋಡೆಗೆಲ್ಲ ನೀರು ಏರಿತ್ತು. ಅಗೆಯುವ ಹಾಗಿಲ್ಲ. ಮೊಮ್ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಬಸುರಿ ಇರುವ ಮನೆಯಲ್ಲಿ ನೆಲಕ್ಕೆ ಹಾರೆ ಹಾಕುವುದಿಲ್ಲ. ಹಾಗೇ ಬಿಟ್ಟರೆ ನಾಳೆ ಬಾಣಂತಿಗೆ ಎರೆಯುವ ಅಷ್ಟೊಂದು ನೀರು ಎಲ್ಲಿಗೆ ಹೋಗಬೇಕು? ಸರಿಹೋಗದಿದ್ದರೆ ಅವಳನ್ನು ಗಂಡನ ಮನೆಗೇ ಕಳಿಸೋಣ ಅಂತ ಮನೆಯವರು ಮಾತಾಡಿಕೊಂಡಿದ್ದರು. ತಾಯಿಯಿಲ್ಲದ ಹುಡುಗಿ, ಅಜ್ಜಿ ಸಾಕಿದ್ದು.

"ನಾನ್ ಓಗಕಿಲ್ಲ ಸಾ, ನಂಗೆ ನಮ್ಮಜ್ಜಿನೇ ಎರೀಬೇಕು" ಅಂದಳು ನಾವು ಹೋದ ಕೂಡಲೇ, ನಾನೇ ಗಾಡಿ ಹತ್ತಿಸಲು ಬಂದವನೋ ಎನ್ನುವಂತೆ.

ನಾನೂ, ಆಗ ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಹೆಂಡತಿಯೂ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದೆವು. ಪೈಪು ಕುಸಿದಿರಲಿಲ್ಲ, ಪುಣ್ಯ. ಅಂಟು ಕುಡಿಸಿದ ಬಟ್ಟೆಯ ಕೊಳವೆಯನ್ನು ಒಳಗೆ ಎಳೆದು, ಅದರೊಳಗೆ ಉದ್ದನೆಯ ರಬ್ಬರ್ ಚೀಲ ತೂರಿಸಿ, ಸುಡುವ ನೀರು ತುಂಬಬೇಕು. ಚೀಲ ಉಬ್ಬಿ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ, ಬಿಸಿಗೆ ಅಂಟು ಕಲ್ಲಾಗುತ್ತದೆ. ಹಳೇ ಪೈಪಿನೊಳಗೇ ಹೊಸ ಪೈಪು. ಆಮೇಲೆ ಚೀಲ ಎಳೆದುಕೊಂಡರಾಯಿತು.

ಅಜ್ಜಿ ಹಂಡೆ ಕಾಯಿಸಿ, ಬಕೆಟಿಗೆ ತೋಡಿ ತೋಡಿ ಕೊಟ್ಟರು. ಕೈಗೆ ಗ್ಲೌಸು ಹಾಕಿದ್ದ ನಾನು ಚೀಲಕ್ಕೆ ಹೊಯ್ದೆ. ಹೊತ್ತಾದ ಮೇಲೆ ಪೈಪು ಹೋಗಿ ಸೇರುವ ಹಿತ್ತಲ ಗುಂಡಿಯಲ್ಲಿ ಬಟ್ಟೆಯ ತುದಿ ಒತ್ತಿ ನೋಡಿದರೆ ಇನ್ನೂ ಕಲಸಿದ ಹಿಟ್ಟಿನ ಹಾಗೆ ಮೆತ್ತಗೆ! ಈಗ ಚೀಲ ಎಳೆದರೆ ಬಟ್ಟೆ ಮುದುಡಿ ಪೈಪು ಪೂರಾ ಕಟ್ಟಿಕೊಳ್ಳುತ್ತದೆ. ಆಗ ಹಾರೆಯೇ ಗತಿ, ಹುಡುಗಿಗೆ ಗಂಡನ ಮನೆಯೇ ಗತಿ.

ಗ್ಲೌಸು ಬಿಚ್ಚಿ ಬಕೆಟಿಗೆ ಕೈ ಅದ್ದಿದೆ. ಮಗುವಿಗೆ ಎರೆಯುವ ಹದ.

"ಅಜ್ಜೀ, ತಣ್ಣೀರು ಬೆರೆಸಿದ್ರಾ?"

"ಮತ್ತೆ? ಕುದಿಯೋ ನೀರ ಬಚ್ಚಲಿಗೆ ಉಯ್ಯದು ಉಂಟೇನ್ಲಾ? ಭೂಮ್ತಾಯಿಗೆ ಸುಡಕಿಲ್ವಾ?"

ಹೆಂಡತಿಯೇ ಮುಂದೆ ಬಂದಳು. "ಅಜ್ಜೀ, ನೀರು ರಬ್ಬರ್ ಚೀಲದೊಳಗೇ ಇರ್ತದೆ. ಭೂಮ್ತಾಯಿಗೆ ಒಂದು ತೊಟ್ಟೂ ಸೋಕಕಿಲ್ಲ."

"ಅಂಗಂತ ಮೊದ್ಲೇ ಒದರಕೇನಾಗಿತ್ತು ನಿನ್ ಗಂಡಂಗೆ? ಬಾಯಲ್ಲಿ ಅವಲಕ್ಕಿ ಇತ್ತಾ?"

ಬಾಗಿಲಲ್ಲಿ ಕೂತಿದ್ದ ಬಸುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿ ಸೆರಗು ಸಿಕ್ಕಿಸಿ ಒಲೆ ಮುಂದೆ ಕೂತವರು ಏಳಲಿಲ್ಲ. ತೆಂಗಿನ ಗರಿ, ಚಿಪ್ಪು, ಮುರಿದ ಮಣೆ, ಸಿಕ್ಕಿದ್ದೆಲ್ಲ ಒಲೆಗೆ. ಚೀಲದ ನೀರು ಸ್ವಲ್ಪ ಸ್ವಲ್ಪ ಇಳಿಸುತ್ತ, ಮೇಲಿಂದ ಸುಡುವ ನೀರು ಹಾಕುತ್ತ ಹೋದೆವು. ಸಂಜೆಗೆ ಸ್ಪ್ಯಾನರಿನಿಂದ ತುದಿ ತಟ್ಟಿದೆ. ಟಣ್ ಅಂತು. ಚೀಲ ನುಣ್ಣಗೆ ಜಾರಿ ಬಂತು.

ಹುಡುಗಿ ಅಲ್ಲೇ ಉಳಿದಳು. ಹೆಣ್ಣು ಮಗು. ಅಜ್ಜಿ ಹಂಡೆಗಟ್ಟಲೆ ಎರೆದರಂತೆ, ಗೋಡೆ ಒಣಗಿಯೇ ಇತ್ತಂತೆ. ಬಾಣಂತಿ ನೋಡಲು ಬಂದ ಹೆಂಗಸರಿಗೆಲ್ಲ ಅಜ್ಜಿ ಮೊದಲು ಬಚ್ಚಲು ತೋರಿಸಿ, ಆಮೇಲೆ ಮಗು ತೋರಿಸುತ್ತಿದ್ದರಂತೆ. ಹಾಗೆ ಹೆಮ್ಮರಗಾಲ, ಹದಿನಾರು ಅನ್ನುವ ಊರುಗಳಿಂದಲೂ ಕರೆ ಬಂದವು.

ಈಗ ನನ್ನ ಹತ್ತಿರ ಗೂಡ್ಸ್ ಗಾಡಿ ಒಂದು, ಕ್ಯಾಮೆರಾ ಎರಡು, ಕೆಲಸದವರು ನಾಲ್ಕು ಜನ, ನೀರು ಕಾಯಿಸಲು ಸ್ವಂತ ಬಾಯ್ಲರ್ ಒಂದು.