ಏರಿದ ಕರೆಂಟ್ ದುಡ್ಡು

"ಹೇಳ್ದೆ ಕೇಳ್ದೆ ಕರೆಂಟ್ ರೇಟು ಏರ್ಸಿದ್ರೆ ಹೇಗೆ ಸರೋಜಮ್ಮೋರೇ?" ಮಹಡಿ ಹತ್ತಿ ಮನೆ ಓನರನ್ನು ಜೋರಾಗಿಯೇ ಕೇಳಿದೆ. ಗಂಡ ತೀರಿಕೊಂಡ ಮೇಲೆ ಗುಬ್ಬಿಯಲ್ಲಿ ಕೆಲಸ ಹಿಡಿದು, ಅವರ ಕೆಳಗಿನ ರೂಮಿನಲ್ಲಿ ಒಬ್ಬಳೇ ಬಾಡಿಗೆಗಿದ್ದೆ. ನನ್ನ ರೂಮಿಗೆ ಬೇರೆ ಮೀಟರ್ ಇತ್ತು. ಅದರ ದುಡ್ಡನ್ನು ಅವರಿಗೆ ತಿಂಗಳ ಕೊನೆಗೆ ಕೊಡಬೇಕಿತ್ತು.

ಅವರು ಸಿಟ್ಟಾಗಲಿಲ್ಲ. "ರೇಟು ಏರ್ಸಿಲ್ಲ ಕಣಮ್ಮ. ನೀನು ಕೆಲಸಕ್ಕೆ ಹೋದ್ಮೇಲೂ ಟಿವಿ ಹಗಲೆಲ್ಲಾ ಓಡ್ತಾನೇ ಇರುತ್ತೆ. ಮರ್ತು ಹೋಗ್ತೀಯೇನೋ ಅಂದ್ಕೊಂಡೆ."

ಮರೆತಿರಲಿಲ್ಲ. ಸಂಜೆ ಬಾಗಿಲು ತೆರೆದಾಗ ಒಳಗೆ ಯಾರದಾದರೂ ದನಿ ಕೇಳಲಿ ಎಂದು ಹಾಗೆ ಮಾಡುತ್ತಿದ್ದೆ. ಅದನ್ನು ಹೇಳುತ್ತಾ ಅತ್ತುಬಿಟ್ಟೆ.

ಮಾರನೆಯ ದಿನ ಟಿವಿ ಆರಿಸಿ ಹೋದೆ. ಸಂಜೆ ಬೀಗ ತೆಗೆಯುತ್ತಿದ್ದಂತೆ ಮಹಡಿಯಿಂದ ಅವರ ದನಿ ಬಂತು: "ಬಂದ್ಯೇನಮ್ಮಾ?"

ಈಗ ತುಮಕೂರಿನಲ್ಲಿ ಬೇರೆ ಮನೆಯಲ್ಲಿದ್ದೇನೆ. ಬೀಗ ತೆಗೆದ ಮೇಲೆ ಈಗಲೂ ಒಂದು ಕ್ಷಣ ಹೊಸ್ತಿಲಲ್ಲೇ ನಿಲ್ಲುತ್ತೇನೆ.