ವಿಮಾನದ ಮೂಗಿನ ಮೇಲೆ ಮೂರು ಗೆರೆ

ಇವತ್ತು ಬೈಲಹೊಂಗಲದ ಸ್ಟುಡಿಯೋದಲ್ಲಿ ನಮ್ಮ ಮುತ್ಯಾನ ಕಾಲದ ಫೋಟೋವನ್ನು ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ತಟ್ಟನೆ ಕೇಳಿದಳು: "ಸರ್, ವಿಮಾನದ ಮೂಗಿನ ಮ್ಯಾಲೆ ಮೂರು ಬಿಳಿ ಗೆರಿ ಅದಾವಲ್ರಿ, ಮಿಲಿಟ್ರಿ ಗುರ್ತ ಏನ್ರಿ ಇವು?"

ಪರದೆಯ ಮೇಲೆ ದೊಡ್ಡದಾಗಿ ಕಂಡ ಆ ಗೆರೆಗಳನ್ನು ನೋಡಿದ್ದೇ ತಡ, ನನಗೆ ಹಸಿ ವಿಭೂತಿಯ ವಾಸನೆ ಬಂದಂತಾಯಿತು.

ಮುತ್ಯಾ ಎಂದರೆ ನಮ್ಮಜ್ಜ, ಎರಡನೇ ಮಹಾಯುದ್ಧದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವನು. ಅಲ್ಲಿಂದ ಅವನು ಕಳಿಸಿದ್ದ ಈ ಫೋಟೋವನ್ನು ಆಯಿ, ಅಂದರೆ ನನ್ನಜ್ಜಿ, ದೊಡವಾಡದ ಮನೆಯ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ದಿನಾ ಪೂಜೆ ಮುಗಿಸಿ ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ, ಅದೇ ಒದ್ದೆ ಬೆರಳುಗಳನ್ನು ವಿಮಾನದ ಮೂಗಿನ ಮೇಲೂ ಎಳೆಯುತ್ತಿದ್ದಳು. ಹೋಳಿಗೆ ಮಾಡಿದ ದಿನ ಅದಕ್ಕೂ ಒಂದು ಎಡೆ. ಫೋಟೋಗೆ ಗಾಜಿರಲಿಲ್ಲ, ಬೆರಳಾಡಿದಲ್ಲೆಲ್ಲ ಕಾಗದ ಸವೆದು ಬೆಳ್ಳಗಾಗಿತ್ತು. ಮುತ್ಯಾ ಮನೆಗೆ ಬಂದು, ಮಕ್ಕಳಾಗಿ, ನಾವು ಮೊಮ್ಮಕ್ಕಳು ಹುಟ್ಟಿದರೂ ಅವಳು ಬಿಡಲಿಲ್ಲ.

"ಯುದ್ಧ ಮುಗದು ನನ್ನ ಹಲ್ಲೆಲ್ಲಾ ಬಿದ್ದೂವು. ನೀ ಇನ್ನೂ ಅದಕ್ಕ ವಿಭೂತಿ ಹಚ್ಚಾಕ ಹತ್ತಿಯಲ್ಲ!" ಎಂದು ಮುತ್ಯಾ ನಗುತ್ತಿದ್ದ.

ಆಯಿ ನಗುತ್ತಿರಲಿಲ್ಲ. "ನಿಮ್ಮನ್ನ ತಂದು ಮನಿ ಮುಟ್ಟಿಸೈತಿ. ಇನ್ನೂ ಯಾರ್ಯಾರ ಮನಿಯವ್ರನ್ನ ತರೂದೈತೋ ಏನೋ," ಎನ್ನುತ್ತಿದ್ದಳು.

ಹುಡುಗಿ ಮೌಸ್ ಹಿಡಿದು ಕಾಯುತ್ತಿದ್ದಳು. "ಅಳಿಸಿ ನೀಟ್ ಮಾಡ್ಲೇನ್ರಿ?"

"ಬ್ಯಾಡವಾ, ಇರ್ಲಿ," ಎಂದೆ. "ಅವು ನಮ್ಮ ಆಯಿ ಬೆರಳ ಅದಾವ."